ಪಡೆದ ಅರಿವಿನ ಋಣ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮಕ್ಕಳು ಸಂಶಯ ಬಂದೊಡನೆ ವಿಕಿಪೀಡಿಯ ತೆರೆಯುತ್ತಾರೆ. ಅದಕ್ಕೆ ಶುಲ್ಕವಿಲ್ಲ, ಅದನ್ನು ನಡೆಸುವ ತಂತ್ರಾಂಶವೂ ಮುಕ್ತ. 2003ರಲ್ಲಿ ಆರಂಭವಾದ ಕನ್ನಡ ಆವೃತ್ತಿಯನ್ನು ಬೆಳೆಸಿದವರು ಸಂಬಳವಿಲ್ಲದೆ ಬರೆದವರು.

ಪ್ರಯೋಜನಕರ ಜ್ಞಾನವು ಮರಣಾನಂತರವೂ ಫಲ ನೀಡುವ ಸದಕಾ ಜಾರಿಯಾ ಎಂದು ನಂಬುವ ನಾವು ಇದಕ್ಕೆ ಕೊಟ್ಟಿರುವುದಾದರೂ ಏನು? ಹೆಚ್ಚೇನಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ಯೌವನದಲ್ಲಿ ಕಂಡವರಿಗೆ ಇಂದು 80 ದಾಟಿದೆ. ಪ್ರಕಟಿತ ಆಧಾರ ಕೇಳುವ ವಿಕಿಪೀಡಿಯ ಅವರ ಬಾಯಿಮಾತನ್ನು ನೇರವಾಗಿ ಒಪ್ಪದು (ಆ ನಿಯಮ ಸರಿಯೇ). ಆದರೆ ಅವರ ಒಪ್ಪಿಗೆ ಪಡೆದು, ಧ್ವನಿಮುದ್ರಿಸಿ, ಮುಕ್ತ ಪರವಾನಗಿಯಡಿ ಅಂತರ್ಜಾಲದಲ್ಲಿರಿಸಲು ಕಿಸೆಯಲ್ಲಿರುವ ಮೊಬೈಲೇ ಸಾಕು. ಮದ್ರಸದ ಮುಂದಿನ ರಜೆಯಲ್ಲಿ ನಮ್ಮ ಯುವಕರು ಆ ಹಿರಿಯರ ಮನೆಗಳಿಗೆ ಹೋಗಲಿ.