ಕಾಬಾಳೆ ವ್ಯಾಪಾರದಲ್ಲಿ ಗೆಡ್ಡೆಗಿಂತ ಬೀಜ ಲೇಸು

ತೇವವನ್ನು ಬಯಸುವ ಬಹುವಾರ್ಷಿಕ ಹೂಗಿಡಗಳ ಪೈಕಿ ಕಾಬಾಳೆ, ಅಂದರೆ ಕ್ಯಾನಾ, ವರ್ತಕರಿಗೆ ಚಿರಪರಿಚಿತ. ಉದ್ಯಾನದ ಕೊಳದಂಚಿಗೆ ಮಾತ್ರವಲ್ಲದೆ, ಕಾರ್ಖಾನೆ ಹಾಗೂ ವಸತಿ ಸಮುಚ್ಚಯಗಳ ಬಳಕೆ ನೀರನ್ನು ಸೋಸುವ ಜಲ್ಲಿಯ ಪಾತಿಗಳಿಗೂ ಇದನ್ನು ನೆಡಲಾಗುತ್ತಿದೆ. ಆದರೆ ಸಸಿಗಾರರಲ್ಲಿ ಹೆಚ್ಚಿನವರು ಇಂದಿಗೂ ಮಾರುವುದು ಗೆಡ್ಡೆಯನ್ನೇ. ಈ ರೂಢಿಯನ್ನು ಮರುಪರಿಶೀಲಿಸುವುದು ಅಗತ್ಯ.

ಗೆಡ್ಡೆ ಅಗ್ಗ, ಬಣ್ಣವೂ ಖಚಿತ. ಆದರೆ ತಾಯಿಗಿಡಕ್ಕೆ ತಗುಲಿದ ನಂಜುರೋಗ ಗೆಡ್ಡೆಯೊಡನೆಯೇ ಸಾಗುತ್ತದೆ. ಎಲೆಯ ನರಗಳ ಗುಂಟ ಮೂಡುವ ಹಳದಿ ಗೆರೆಗಳನ್ನು ಗ್ರಾಹಕರು ಗೊಬ್ಬರದ ಕೊರತೆಯೆಂದು ಭಾವಿಸುತ್ತಾರೆ. ಕೆಲವರು ಹೊಸ ತಳಿಯ ಚೆಲುವೆಂದೂ ಮೆಚ್ಚುವುದುಂಟು! ಈ ರೋಗಕ್ಕೆ ಔಷಧಿಯಿಲ್ಲ, ಬುಡವನ್ನು ಕಿತ್ತು ಸುಡುವುದೊಂದೇ ದಾರಿ. ರೋಗದ ಗೆಡ್ಡೆಯನ್ನು ಹತ್ತು ತುಂಡು ಮಾಡಿ ಮಾರಿದವರು ಹತ್ತು ತೋಟಗಳಿಗೆ ರೋಗವನ್ನೇ ಮಾರಿದಂತಾಯಿತು. ಬೀಜದ ಸಸಿಗಳು ಸಾಮಾನ್ಯವಾಗಿ ಈ ಪಿಡುಗಿಲ್ಲದೆ ಬೆಳೆಯತೊಡಗುತ್ತವೆ. ಮುಂದೆ ಗಿಡಹೇನುಗಳಿಂದ ಅವನ್ನು ಕಾಯಬೇಕು ಎಂಬುದು ನಿಜ.

ದಾಸ್ತಾನಿನ ದೃಷ್ಟಿಯಿಂದಲೂ ಕಾಬಾಳೆ ಬೀಜ ಅಪರೂಪದ ಸರಕು. ಅರ್ಜೆಂಟೀನಾದ ಸಮಾಧಿಯೊಂದರಲ್ಲಿ ಅಕ್ರೋಟಿನ ಚಿಪ್ಪಿನ ಗಿಲಕಿಯೊಳಗೆ ದೊರೆತ, ಸುಮಾರು 600 ವರ್ಷ ಹಳೆಯ ಬೀಜವೊಂದು ಮೊಳೆತದ್ದನ್ನು ವಿಜ್ಞಾನಿಗಳು 1971ರಲ್ಲಿ ವರದಿ ಮಾಡಿದರು. ಈ ಆಯುಸ್ಸಿಗೆ ಕಾರಣವಾದ ಗಟ್ಟಿ ಸಿಪ್ಪೆಯೇ ವ್ಯಾಪಾರಕ್ಕೆ ತೊಡಕೂ ಆಗಿದೆ. ಹಾಗೆಯೇ ಬಿತ್ತಿದ ಬೀಜ ತಿಂಗಳುಗಟ್ಟಲೆ ಕದಲುವುದಿಲ್ಲ. ಗ್ರಾಹಕ ಅಂಗಡಿಯವನನ್ನು ದೂರುತ್ತಾನೆ. ಅರದಿಂದ ಒಂದು ಬದಿಯನ್ನು ಒಳಗಿನ ಬಿಳಿ ಕಾಣುವವರೆಗೆ ಉಜ್ಜಿ, ಉಗುರುಬೆಚ್ಚನೆಯ ನೀರಿನಲ್ಲಿ ಒಂದು ದಿನ ನೆನೆಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಚ್ಚಗಿನ ಜಾಗದಲ್ಲಿ ಬಿತ್ತಿದರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಈ ನಾಲ್ಕು ಸಾಲುಗಳನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸಲು ತಗಲುವ ವೆಚ್ಚ ಅತ್ಯಲ್ಪ.

ಬೀಜದಿಂದ ಬಣ್ಣ ಖಚಿತವಾಗದೆಂಬ ಸಸಿಗಾರರ ಆಕ್ಷೇಪ ನ್ಯಾಯವಾದುದೇ. ತೋಟದ ಮಿಶ್ರತಳಿಯಿಂದ ಆಯ್ದ ಬೀಜಕ್ಕೆ ತಾಯಿಯ ಹೆಸರಿಟ್ಟು ಮಾರುವುದು ವಂಚನೆಯಾಗುತ್ತದೆ; 'ಮಿಶ್ರ ಬಣ್ಣ' ಎಂದೇ ನಮೂದಿಸಬೇಕು. ಆದರೆ ನೀರು ಸೋಸುವ ಪಾತಿಗೆ ಬಣ್ಣದ ಹಂಗೇಕೆ? ಬೀಜದ ಸಸಿಗಳ ಮಾರಾಟ ಮೊದಲು ಅಲ್ಲಿಂದಲೇ ಆರಂಭವಾಗಬೇಕು. ಇನ್ನು ಅಲಂಕಾರದ ಮಾರುಕಟ್ಟೆಗೆ ಜಪಾನಿನ ತಾಕಿ ಸಂಸ್ಥೆ ದಾರಿ ತೋರಿಸಿದೆ. ಬಿತ್ತಿದ ವರ್ಷವೇ ಹೂಬಿಡುವ, ಒಂದೇ ಬಣ್ಣದ ಅದರ ಸಂಕರ ತಳಿಗಳಲ್ಲಿ 'ಟ್ರಾಪಿಕಲ್ ರೋಸ್' 1992ರಲ್ಲಿ, 'ಸೌತ್ ಪೆಸಿಫಿಕ್ ಸ್ಕಾರ್ಲೆಟ್' 2013ರಲ್ಲಿ ಅಮೆರಿಕದ 'ಆಲ್ ಅಮೆರಿಕ ಸೆಲೆಕ್ಷನ್ಸ್' ಮನ್ನಣೆ ಪಡೆದವು.

ಕೈಯಿಂದ ಪರಾಗಸ್ಪರ್ಶ ನಡೆಸಿ ಸಂಕರ ಬೀಜ ತೆಗೆಯುವ ನೈಪುಣ್ಯ ಬೆಂಗಳೂರು, ರಾಣೆಬೆನ್ನೂರು ಸುತ್ತಲಿನ ಕೃಷಿಕರಿಗೆ ಹೊಸತಲ್ಲ. ಟೊಮ್ಯಾಟೊ, ಮೆಣಸಿನಕಾಯಿಗಳಲ್ಲಿ ಪಳಗಿದ ಆ ಕೈಗಳಿಗೆ ಕಾಬಾಳೆಯ ದೊಡ್ಡ ಹೂ ಕಷ್ಟದ ಕೆಲಸವೇನಲ್ಲ. ಬೀಜೋದ್ಯಮಿಗಳು ಕೃಷಿಕರೊಡನೆ ಮುಂಗಡ ಖರೀದಿಯ ಕರಾರು ಮಾಡಿಕೊಂಡು, ಮೊದಲಿಗೆ ಕೆಂಪು, ಹಳದಿ ಎರಡೇ ಬಣ್ಣಗಳಲ್ಲಿ ಪ್ರಯತ್ನಿಸಬಹುದು.