ಮುರಿದ ಎಲುಬು, ನಿಂತ ಪಗಾರ

ನೀರು, ಎಣ್ಣೆ ಬಿದ್ದ ಅಡಿಗೆಮನೆಯ ನೆಲದಲ್ಲಿ ಕಾಲುಜಾರಿ ತೊಡೆಯೆಲುಬು ಮುರಿದುಕೊಂಡ ಹೊಟೇಲು ಕೆಲಸಗಾರನ ಸುತ್ತ, ಆಸ್ಪತ್ರೆಯ ವರಾಂಡದಲ್ಲಿ ಎರಡು ಪಕ್ಷಗಳು ಹುಟ್ಟುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. “ಕೊಯ್ಯಿಸಬೇಡ ಮಾರಾಯ, ಊರಿಗೆ ಹೋಗೋಣ, ಅಲ್ಲಿ ಎಲುಬು ಕಟ್ಟುವವರಿದ್ದಾರೆ” ಎಂದು ಒಂದು ಪಕ್ಷ. “ಸಾಲವಾದರೂ ಸರಿ, ಆಪರೇಶನ್ ಮಾಡಿಸಿಬಿಡು, ಚಿಂತೆ ತಪ್ಪಿತು” ಎಂದು ಇನ್ನೊಂದು. ಇಬ್ಬರದೂ ಪ್ರೀತಿಯ ಮಾತೇ. ಆದರೆ ಮುರಿದಿರುವುದು ಯಾವ ಎಲುಬು ಎಂಬುದನ್ನು ಮಾತ್ರ ಇಬ್ಬರೂ ವಿಚಾರಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತೊಡೆಗೆ ಒಂದು ನ್ಯಾಯ, ತೋಳಿಗೆ ಇನ್ನೊಂದು ನ್ಯಾಯ.

ಮೊದಲು ತೊಡೆಯ ಮಾತು. ಅಲ್ಲಿಯ ಸ್ನಾಯುಗಳಿಗೆ ಬಲ ಬಹಳ. ಎಲುಬು ಮುರಿದೊಡನೆ ಎರಡು ತುಂಡುಗಳನ್ನೂ ಅವು ಒಂದರ ಪಕ್ಕಕ್ಕೊಂದು ಎಳೆದುಕೊಳ್ಳುತ್ತವೆ. ಹೊರಗಿನಿಂದ ಬಿದಿರ ಸೀಳು ಇಟ್ಟು ಎಷ್ಟು ಬಿಗಿದರೂ ಆ ಸೆಳೆತ ನಿಲ್ಲದು. ಎಲುಬು ಕೂಡಬಹುದು, ಆದರೆ ಕಾಲು ಗಿಡ್ಡವಾಗಿಯೋ ಸೊಟ್ಟವಾಗಿಯೋ ಕೂಡುತ್ತದೆ. ದಿನಕ್ಕೆ ಹತ್ತು ತಾಸು ಒಲೆಯ ಮುಂದೆ ನಿಲ್ಲುವವನಿಗೆ ಗಿಡ್ಡ ಕಾಲೆಂದರೆ ಮುಂದೆ ಸೊಂಟವೂ ಹೋದಂತೆಯೇ. ಅತಿಯಾಗಿ ಬಿಗಿದ ಕಟ್ಟಿನಿಂದ ರಕ್ತದ ಓಟ ನಿಂತು ಕಾಲೇ ಕೊಳೆತ ಉದಾಹರಣೆಗಳೂ ಇವೆ.

ಹಿಂದೆ ಡಾಕ್ಟರರ ಉಪಾಯವೂ ಕಾಲಿಗೆ ತೂಕ ಕಟ್ಟಿ ಜಗ್ಗಿಟ್ಟು, ಎರಡು-ಮೂರು ತಿಂಗಳು ಹಾಸಿಗೆಯಲ್ಲಿ ಕೆಡವುವುದೇ ಆಗಿತ್ತು. 1939ರಲ್ಲಿ ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕ್ಯುಂಚರ್ ಎಂಬ ಶಸ್ತ್ರವೈದ್ಯರು ಎಲುಬಿನ ಪೊಳ್ಳಿನೊಳಗೇ ಉಕ್ಕಿನ ಸರಳು ತೂರಿಸಿದರು. ಮಹಾಯುದ್ಧದಲ್ಲಿ ಸೆರೆಸಿಕ್ಕಿ ಮರಳಿದ ಅಮೆರಿಕದ ಸೈನಿಕರ ತೊಡೆಯಲ್ಲಿ ಎಕ್ಸ್‌ರೇ ಮೂಲಕ ಈ ಸರಳನ್ನು ಕಂಡು ಅಲ್ಲಿಯ ಡಾಕ್ಟರರು ಬೆರಗಾದರಂತೆ. ಮುಂದೆ ಅದೇ ಅಮೆರಿಕದ ಸಿಯಾಟಲ್‌ನ ವೈದ್ಯರು 1984ರಲ್ಲಿ ಇಂಥ 520 ತೊಡೆಮುರಿತಗಳ ಲೆಕ್ಕ ಪ್ರಕಟಿಸಿದರು. ನೂರಕ್ಕೆ 99 ಕೂಡಿದ್ದವು; ಕೀವಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಸರಳು ಮೇಲೋ, ಹೊರಗಿನಿಂದ ಸ್ಕ್ರೂ ಹೊಡೆಯುವ ಪಟ್ಟಿ ಮೇಲೋ? ಮುರಿದ ಬಿದಿರ ಗಳವನ್ನು ನೆನೆಯಿರಿ. ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಹೊಡೆದರೆ ಭಾರವೆಲ್ಲ ಪಟ್ಟಿಯ ಮೇಲೆ. ಪೊಳ್ಳಿನೊಳಗೆ ಸರಳು ತೂರಿಸಿದರೆ ಸರಳೂ ಗಳವೂ ಭಾರ ಹಂಚಿಕೊಳ್ಳುತ್ತವೆ. ಪಟ್ಟಿ ಕೂರಿಸಲು ಮಾಂಸವನ್ನು ಹೆಚ್ಚು ಬಿಡಿಸಬೇಕಾಗುವುದೂ ಉಂಟು. ಆದಕಾರಣ ತೊಡೆಯೆಲುಬು ನಡುವೆ ಮುರಿದಿದ್ದರೆ ಸಾಮಾನ್ಯವಾಗಿ ಸರಳೇ ಮೇಲು. ಅದನ್ನು ಹಾಕಿಸಿಕೊಂಡವನು ಬೇಗ ಕಾಲೂರಬಲ್ಲನು. ಮೊಣಕಾಲಿನ ಕೀಲಿಗೆ ಅಂಟಿಕೊಂಡೇ ಮುರಿದಿದ್ದರೆ ಪಟ್ಟಿ ಬೇಕಾಗಬಹುದು.

ಇಲ್ಲಿ ದಿನ ಕಳೆಯುವುದೂ ಒಂದು ಅಪಾಯ. ಡಲ್ಲಾಸ್ ನಗರದಲ್ಲಿ 178 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 24 ತಾಸಿನೊಳಗೆ, ಇನ್ನೊಂದಕ್ಕೆ 48 ತಾಸು ಕಳೆದ ಮೇಲೆ ಶಸ್ತ್ರಕ್ರಿಯೆ ಮಾಡಿ ನೋಡಿದರು. 1989ರಲ್ಲಿ ಹೊರಬಿದ್ದ ಫಲ: ಮೈಯೆಲ್ಲ ಪೆಟ್ಟಾದವರ ಪೈಕಿ ತಡವಾದವರಿಗೆ ಶ್ವಾಸಕೋಶದ ತೊಂದರೆ ಹೆಚ್ಚು, ಆಸ್ಪತ್ರೆವಾಸವೂ ಹೆಚ್ಚು. ನಮ್ಮವರಾದರೋ ಸರಳಿನ ಹಣ ಹೊಂದಿಸುವುದರಲ್ಲಿ, ಊರಿನಿಂದ ಅಣ್ಣ ಬರಲೆಂದು ಕಾಯುವುದರಲ್ಲಿ ವಾರ ಕಳೆಯುತ್ತಾರೆ. ದೊಡ್ಡ ಯಂತ್ರವಿಲ್ಲವೆಂಬ ನೆವವೂ ಪೂರ್ತಿ ನಿಜವಲ್ಲ. ಶಸ್ತ್ರಕ್ರಿಯೆಯ ನಡುವೆ ಎಕ್ಸ್‌ರೇ ನೋಡುವ ಯಂತ್ರವಿಲ್ಲದೆಯೂ ಕೂರಿಸಬಹುದಾದ ಸರಳನ್ನು ಅಮೆರಿಕದ ಲೂಯಿಸ್ ಜರ್ಕಲ್ ಎಂಬ ವೈದ್ಯರು ರೂಪಿಸಿ, 1999ರಿಂದ ಬಡದೇಶಗಳ ಆಸ್ಪತ್ರೆಗಳಿಗೆ ಒದಗಿಸುವ ಏರ್ಪಾಡು ಮಾಡಿದ್ದಾರೆ.

ಇನ್ನು ತೋಳು. ಹೆಗಲಿನಿಂದ ಮೊಣಕೈವರೆಗಿನ ಎಲುಬು ನಡುವೆ ಮುರಿದರೆ ಕೂಡಲೇ ಪಟ್ಟಿ ಹೊಡೆಸಬೇಕೆಂದು ಅವಸರಪಡುವವರಿಗೆ ಫಿನ್ಲೆಂಡಿನ ಒಂದು ಪರೀಕ್ಷೆಯನ್ನು ತೋರಿಸಬೇಕು. 82 ಜನರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ, ಉಳಿದವರಿಗೆ ತೋಳಿಗೆ ತೊಡಿಸುವ ಬಿಗಿಪಟ್ಟೆ. ವರ್ಷ ಕಳೆದಾಗ ಎರಡು ಗುಂಪುಗಳ ಕೈಯ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಆದರೆ ಮುಚ್ಚಿಡಬಾರದು: ಪಟ್ಟೆ ತೊಟ್ಟವರಲ್ಲಿ ನೂರಕ್ಕೆ 30 ಮಂದಿಗೆ ಎಲುಬು ಸರಿಯಾಗಿ ಕೂಡದೆ ಕೊನೆಗೆ ಶಸ್ತ್ರಕ್ರಿಯೆಯೇ ಬೇಕಾಯಿತು. ಆದ್ದರಿಂದ ಪಟ್ಟೆ ತೊಟ್ಟು ಊರಿಗೆ ಹೋಗಿ ಮಲಗಿದರೆ ಆಗದು. ಆರು ವಾರವಾದರೂ ಮುರಿದ ಜಾಗ ಅಲುಗುತ್ತಿದ್ದರೆ ಡಾಕ್ಟರರನ್ನು ಮತ್ತೆ ಕಾಣಲೇಬೇಕು. ಮೊದಲೇ ಕೊಯ್ಯಿಸಿದರೂ ಕೀವಿನ ಭಯ, ಎಲುಬಿಗೆ ಸುತ್ತಿಕೊಂಡೇ ಹೋಗುವ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳುವ ಭಯ ಇದ್ದೇ ಇವೆ.

ಮಣಿಕಟ್ಟಿನ ವಿಷಯದಲ್ಲಿ ಬ್ರಿಟನ್ನಿನವರು 461 ಜನರನ್ನು ಪರೀಕ್ಷಿಸಿದರು. ಕೊಯ್ಯದೆಯೇ ಎಳೆದು ಕೂಡಿಸಬಹುದಾದ ಮುರಿತಕ್ಕೆ ತೆಳು ತಂತಿ ಚುಚ್ಚಿ ಹಿಡಿಸಿದರೂ, ದುಬಾರಿ ಪಟ್ಟಿ ಹಾಕಿದರೂ ವರ್ಷದ ಮೇಲೆ ಫಲ ಒಂದೇ ಎಂದು 2014ರಲ್ಲಿ ತಿಳಿಸಿದರು. ಅಂಥ ಮುರಿತಕ್ಕೆ ಪಟ್ಟಿಯೇ ಬೇಕೆಂದು ಯಾರಾದರೂ ಹೇಳಿದರೆ, ತಂತಿ ಏಕೆ ಸಾಲದೆಂದು ವಿನಯದಿಂದ ಕೇಳಿರಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರರು ಸಿಟ್ಟಾಗುವುದಿಲ್ಲ.

ವೈದ್ಯರು ಎಕ್ಸ್‌ರೇ ನೋಡಿ “ಕೂಡಿದೆ” ಎನ್ನುತ್ತಾರೆ. ನಮಗೆ ಬೇಕಾದ ಲೆಕ್ಕ ಬೇರೆ: ಎಂದು ಕಾಲೂರಬಹುದು, ಎಂದು ತುಂಬಿದ ಪಾತ್ರೆ ಎತ್ತಬಹುದು, ಎಂದು ಮಗ್ಗದ ಮುಂದೆ ಪಾಳಿ ಪೂರ್ತಿ ನಿಲ್ಲಬಹುದು? ಎರಡು ಉಪಾಯಗಳನ್ನು ತೂಗುವಾಗ ಖರ್ಚಿನ ಜತೆಗೆ ತಪ್ಪುವ ಪಗಾರವನ್ನೂ ತಕ್ಕಡಿಗೆ ಹಾಕಬೇಕು. ಅಗ್ಗವೆಂದು ಹಾಸಿಗೆ ಹಿಡಿದ ಮೂರು ತಿಂಗಳು ಸರಳಿಗಿಂತ ದುಬಾರಿಯಾದೀತು.

ಆ ಪಗಾರದ ಒಂದು ಭಾಗವಾದರೂ ಕೈಗೆ ಬರುವ ದಾರಿಯಿದೆ. 1952ರಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆರಂಭವಾದ ಇ.ಎಸ್.ಐ. ಯೋಜನೆಯಲ್ಲಿ, ನೋಂದಾಯಿತ ಕೆಲಸಗಾರನಿಗೆ ಕೆಲಸದ ಮೇಲೆ ಪೆಟ್ಟಾಗಿ ದುಡಿಯಲಾಗದ ಅವಧಿಗೆ ಪಗಾರದ ನೂರಕ್ಕೆ 90ರಂತೆ ಸಿಗುತ್ತದೆ. ಕೆಲಸಕ್ಕೆ ಸಂಬಂಧಿಸದ ಕಾಯಿಲೆಗೆ ನೂರಕ್ಕೆ 70, ಅದೂ ದಿನಗಳ ಮಿತಿಯೊಳಗೆ. “ಖೋಲಿಯಲ್ಲಿ ಬಿದ್ದೆನೆಂದು ಹೇಳು, ಖರ್ಚು ನಾನು ನೋಡಿಕೊಳ್ಳುತ್ತೇನೆ” ಎನ್ನುವ ಮಾಲಿಕರೂ ಇರುವುದರಿಂದ ಇದನ್ನು ಬರೆಯಬೇಕಾಯಿತು. ಬಿದ್ದದ್ದು ಅಡಿಗೆಮನೆಯಲ್ಲಾದರೆ ಆಸ್ಪತ್ರೆಯ ಕಾಗದದಲ್ಲಿ ಹಾಗೆಯೇ ಬರೆಸಿರಿ. ಅಪಘಾತದ ವರದಿಯನ್ನು ಅದೇ ದಿನ ಮಾಡಿಸಿ, ನಕಲೊಂದನ್ನು ಸಂಘದ ಕಚೇರಿಗೆ ತಂದುಕೊಡಿರಿ.