ಹಲ್ಲಿನ ಸೆಟ್ಟು ಸಿಕ್ಕಿತು, ಮುಂದೆ?

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಎಷ್ಟೋ ಮಕ್ಕಳ ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ. ಅವರಲ್ಲಿ ಹಲವರಿಗೆ ಈಗ ಹಲ್ಲಿನ ಸೆಟ್ಟೂ ಉಂಟು. ಆದರೆ ಅದು ಎಲ್ಲಿದೆ ಎಂದು ಕೇಳಿ ನೋಡಿ. ಬಾಯಿಯಲ್ಲಿಲ್ಲ, ಕಪಾಟಿನಲ್ಲಿದೆ! ಮದುವೆ, ಗೃಹಪ್ರವೇಶ, ಆಧಾರ್ ಕಾರ್ಡಿನ ಫೋಟೋ ಎಂದಾಗ ಮಾತ್ರ ಹೊರಗೆ ಬರುತ್ತದೆ. ಮದುವೆಮನೆಯಲ್ಲೂ ಎಲೆ ಹಾಕುವ ಹೊತ್ತಿಗೆ ಮೆಲ್ಲನೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾರೆ. ಊಟಕ್ಕೆಂದೇ ಕಟ್ಟಿಸಿದ ಹಲ್ಲು ಊಟದ ಹೊತ್ತಿಗೆ ಕಿಸೆಯಲ್ಲಿ...

ಇದು ಮುದಿ ಪ್ರಾಯದ ಹಠ ಎಂದು ಮನೆಯವರು ಹೇಳುವುದುಂಟು. ನಾವು ಹಾಗೆ ತಿಳಿಯುವುದಿಲ್ಲ. ಹಲ್ಲು ಕೊಡುವ ವ್ಯವಸ್ಥೆ ಇದೆ. ಅದಕ್ಕೆ ಹೊಂದಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಡುವ ವ್ಯವಸ್ಥೆ ಸಾಲದು. ನಮ್ಮ ತಕರಾರು ಇಷ್ಟೆ.

ಕೇರಳ ಸರಕಾರದ ಸಾಮಾಜಿಕ ನ್ಯಾಯ ಇಲಾಖೆಯ 'ಮಂದಹಾಸಂ' ಎಂಬ ಯೋಜನೆಯನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಬಡತನ ರೇಖೆಗಿಂತ ಕೆಳಗಿನ, 60 ದಾಟಿದ ಹಿರಿಯರಿಗೆ ಉಚಿತವಾಗಿ ಕೃತಕ ಹಲ್ಲು ಕೊಡಿಸುವ ಯೋಜನೆ ಅದು. ದಂತವೈದ್ಯರ ಸರ್ಟಿಫಿಕೇಟು ಇಟ್ಟುಕೊಂಡು ಇಲಾಖೆಯ 'ಸುನೀತಿ' ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಒಳ್ಳೆಯ ಯೋಜನೆ, ಸಂಶಯವಿಲ್ಲ. ಹೆಸರೂ ಚಂದ, ಕನ್ನಡಿಗರಿಗೂ ಅರ್ಥವಾಗುವ ಹೆಸರು. ಆದರೆ ಹೆಸರಿನಿಂದ ಮುಂದಕ್ಕೆ ಓದಬೇಕಾದಾಗಲೇ ತೊಂದರೆ. ಯೋಜನೆಯಲ್ಲಿ ಸಿಕ್ಕಿರಲಿ, ಕೈಯಿಂದ ಹಣ ಕೊಟ್ಟಿರಲಿ, ನಾವು ಕಂಡ ಸೆಟ್ಟುಗಳ ಜೊತೆ ಸೂಚನೆಯ ಕಾಗದ ಇದ್ದದ್ದೇ ಕಡಿಮೆ. ಇದ್ದಲ್ಲಿ ಒಂದೋ ಮಲಯಾಳ, ಇಲ್ಲವೇ ಇಂಗ್ಲಿಷ್. ಗಡಿ ದಾಟಿ ಮಂಗಳೂರಿನಲ್ಲಿ ಮಾಡಿಸಿದವರಿಗೂ ಕೈಗೆ ಬಂದದ್ದು ಇಂಗ್ಲಿಷಿನದ್ದೇ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರ ವ್ಯವಹಾರ ಮಾಡಬಹುದೆಂದು 1969ರ ಕಾನೂನಿನಲ್ಲೇ ಬರೆಯಲಾಯಿತು. ನಾವು ಭಾಷೆಯ ಹಕ್ಕಿಗಾಗಿ ಹೋರಾಡುವಾಗ ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ಪಿಎಸ್‌ಸಿ ಪರೀಕ್ಷೆ ಎಂದೆಲ್ಲ ಕೇಳುತ್ತೇವೆ, ಕೇಳಲೇಬೇಕು. ಔಷಧಿ ಚೀಟಿ, ಹಲ್ಲಿನ ಸೆಟ್ಟಿನ ಕಾಗದ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಯಾಕೆ ಇಲ್ಲ?

ಹೇಳಿಕೊಡದಿದ್ದರೆ ಏನಾಗುತ್ತದೆ ನೋಡಿ. ಹೊಸ ಸೆಟ್ಟು ಹಾಕಿದ ಮೊದಲ ದಿನಗಳಲ್ಲಿ ಬಾಯಿಯಲ್ಲಿ ವಿಪರೀತ ಜೊಲ್ಲು ಬರುತ್ತದೆ. ಬಾಯಿ ಅದನ್ನು ಏನೋ ತಿನ್ನುವ ವಸ್ತು ಎಂದೇ ತಿಳಿಯುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ಕಡಿಮೆಯಾಗುವಂಥದ್ದು. ಇದು ಗೊತ್ತಿಲ್ಲದ ಅಜ್ಜಿ "ಇದು ನನಗೆ ಆಗಿ ಬರುವುದಿಲ್ಲ ಮಾಷ್ಟ್ರೆ, ಬಾಯಿ ತುಂಬ ನೀರು ಬರ್ತದೆ" ಎಂದು ಮೂರನೇ ದಿನಕ್ಕೇ ಡಬ್ಬಿಗೆ ಹಾಕಿಬಿಡುತ್ತಾರೆ. ವಸಡು ಒಂದೆರಡು ಕಡೆ ಹುಣ್ಣಾಗುವುದೂ ಸಾಮಾನ್ಯ. ಅದಕ್ಕೆ ವೈದ್ಯರಲ್ಲಿಗೆ ಮತ್ತೆ ಹೋಗಿ ತಾಗುವ ಜಾಗವನ್ನು ಉಜ್ಜಿಸಿಕೊಳ್ಳಬೇಕು. ಹೋಗುವ ಮುಂಚೆ ಕೆಲವು ಗಂಟೆಯಾದರೂ ಸೆಟ್ಟು ಹಾಕಿಕೊಂಡಿರಬೇಕು, ಆಗಲೇ ಎಲ್ಲಿ ಒತ್ತುತ್ತದೆಂದು ವೈದ್ಯರಿಗೆ ಕಾಣುವುದು. ನಮ್ಮವರು ಮಾಡುವುದೇನು? ಪೀಶಕತ್ತಿಯಲ್ಲಿ ತಾವೇ ಕೆರೆಯುತ್ತಾರೆ! ಕೆರೆದದ್ದು ಹೆಚ್ಚಾಗಿ ಸೆಟ್ಟು ಅಲ್ಲಾಡತೊಡಗಿದರೆ ಮತ್ತೆ ಅದು ಯಾರ ಬಾಯಿಗೂ ಅಲ್ಲ.

ಹಲ್ಲು ಕೀಳಿಸಿದ ಗಾಯ ಮಾಗುವ ಕಾಲದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಕಿತ್ತ ದಿನವೇ ಸೆಟ್ಟು ಹಾಕಿಸಿಕೊಂಡವರು ವೈದ್ಯರು ಹೇಳುವ ತನಕ ಅದನ್ನು ತೆಗೆಯಬಾರದು, ಸಾಮಾನ್ಯವಾಗಿ ಮೊದಲ 24 ಗಂಟೆ. ತೆಗೆದರೆ ವಸಡು ಬಾತುಕೊಂಡು ಮತ್ತೆ ಹಾಕಲು ಕಷ್ಟ. ಆಮೇಲೆ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ತೊಳೆಯಬಹುದು. ಹಲ್ಲು ಹೋದ ಜಾಗದ ಎಲುಬು ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುವುದರಿಂದ ಮೊದಲು ಸರಿಯಾಗಿ ಕೂತ ಸೆಟ್ಟು ಆರು ತಿಂಗಳಲ್ಲಿ ಸಡಿಲವಾಗಬಹುದು. ಮಾಡಿದವರು ಮೋಸ ಮಾಡಿದರು ಎಂದು ಬೈಯುವ ಮೊದಲು ಇದು ತಿಳಿದಿರಲಿ. ಒಳಭಾಗಕ್ಕೆ ಹೊಸ ಪದರ ಕೊಡಿಸಿದರೆ ಮತ್ತೆ ಕೂರುತ್ತದೆ.

ಹೀಗೆ ಮತ್ತೆ ಮತ್ತೆ ಹೋಗಬೇಕಾದ ಕೆಲಸವಾದ್ದರಿಂದ ಹತ್ತಿರದಲ್ಲಿ ಮಾಡಿಸುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಭಾಷೆಯ ಸಲೀಸು ಎಂದು ಮಂಜೇಶ್ವರ, ಕುಂಬಳೆ ಕಡೆಯವರು ಮಂಗಳೂರಿಗೇ ಹೋಗುವುದು ರೂಢಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಗಡಿಯಾಚೆಯ ಆಸ್ಪತ್ರೆಗಳನ್ನೇ ನಂಬಿದವರ ಪಾಡು ಏನಾಯಿತೆಂದು ಎಲ್ಲರಿಗೂ ನೆನಪಿದೆ.

ಇನ್ನು ಮಾತು. ಇಲ್ಲಿ ಅಧ್ಯಾಪಕರಾದ ನಮಗೆ ಸ್ವಲ್ಪ ಹೇಳಲಿಕ್ಕೆ ಉಂಟು. ತ, ಥ, ದ, ಧ, ನ ದಂತ್ಯ ಎಂದು ಮಕ್ಕಳಿಗೆ ವ್ಯಾಕರಣದಲ್ಲಿ ಕಲಿಸುತ್ತೇವಲ್ಲ? ನಾಲಗೆ ತಾಗಬೇಕಾದ ಹಲ್ಲೇ ಬದಲಾದರೆ ಆ ಅಕ್ಷರ ಸರಿಯಾಗಿ ಹೇಗೆ ಬರಬೇಕು? ಸಕಾರ ಶೀಟಿ ಹೊಡೆಯುತ್ತದೆ, ವಕಾರಕ್ಕೆ ತುಟಿಯೂ ಹಲ್ಲೂ ಕೂಡುವುದಿಲ್ಲ. ಇದಕ್ಕೆ ಮದ್ದು ಗಟ್ಟಿಯಾಗಿ ಓದುವುದು. ದಿನಕ್ಕೆ ಕಾಲು ಗಂಟೆ ಪೇಪರನ್ನೋ ಮೊಮ್ಮಗಳ ಪಾಠಪುಸ್ತಕವನ್ನೋ ನಿಧಾನವಾಗಿ ಓದಿದರೆ ಒಂದೆರಡು ವಾರದಲ್ಲಿ ಮಾತು ಹದಕ್ಕೆ ಬರುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಿರಿಯರು ಹೊಸ ಸೆಟ್ಟು ಹಾಕಿ ಅದೇ ವಾರ ಕೂಟಕ್ಕೆ ಒಪ್ಪಿಕೊಳ್ಳದಿದ್ದರೆ ಅವರಿಗೂ ಒಳ್ಳೆಯದು, ಎದುರು ಕುಳಿತವರಿಗೂ! ಮನೆಯ ಮಕ್ಕಳಿಗೆ ಒಂದು ಮಾತು: ಅಜ್ಜ ಓದುವಾಗ ನಗಬೇಡಿ. ನೀವು ಒಂದನೇ ಕ್ಲಾಸಿನಲ್ಲಿ ಓದಿದಾಗ ಅವರು ನಕ್ಕಿರಲಿಲ್ಲ.

ಊಟದ ವಿಷಯದಲ್ಲಿ ನಮ್ಮ ಊರಿನವರು ಅದೃಷ್ಟವಂತರು. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಬೇಯಿಸಿ ಮೆತ್ತಗಾದ ಹೆಸರು ಇವೆಲ್ಲ ಹೊಸ ಹಲ್ಲಿಗೆ ಹೇಳಿಸಿದ ಆಹಾರ. ಸಣ್ಣ ತುತ್ತು, ಎರಡೂ ದವಡೆಯಲ್ಲಿ ಒಟ್ಟಿಗೆ ಜಗಿಯಬೇಕು. ಒಂದೇ ಕಡೆ ಜಗಿದರೆ ಇನ್ನೊಂದು ಕಡೆ ಏಳುತ್ತದೆ. ಸಹಜ ಹಲ್ಲಿನ ಬಲ ಪೂರ್ತಿ ಸೆಟ್ಟಿಗೆ ಎಂದೂ ಬಾರದು, ಇದನ್ನು ಮೊದಲೇ ಹೇಳಬೇಕು. ಹಲಸಿನ ಹಪ್ಪಳ ಸ್ವಲ್ಪ ಕಾಯಲಿ. ಎಲೆಯಡಿಕೆ? ಅಡಿಕೆ ತೋಟದ ನಾಡಿನಲ್ಲಿ ಇದನ್ನು ಹೇಳಿದರೆ ಬೈಗುಳ ತಿನ್ನಬೇಕಾದೀತು. ಆದರೂ ಹೇಳುತ್ತೇವೆ, ಬಿಟ್ಟುಬಿಡಿ. ಸೆಟ್ಟು ಕೆಂಪಾಗುವುದು ಸಣ್ಣ ಮಾತು. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಎರಡು ವಾರವಾದರೂ ಮಾಯದ ಹುಣ್ಣನ್ನು ಸೆಟ್ಟು ತಾಗಿ ಆದದ್ದು ಎಂದು ಸುಮ್ಮನೆ ಬಿಡಬಾರದು, ತೋರಿಸಲೇಬೇಕು.

ಸ್ವಚ್ಛ ಮಾಡುವುದರಲ್ಲೂ ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಉಮಿ ಸುಟ್ಟ ಕರಿಯಲ್ಲಿ, ಬೂದಿಯಲ್ಲಿ ಹಲ್ಲುಜ್ಜಿ ಬೆಳೆದವರು ಸೆಟ್ಟನ್ನೂ ಅದರಲ್ಲೇ ತಿಕ್ಕುತ್ತಾರೆ. ಸೆಟ್ಟು ಅಕ್ರಿಲಿಕ್ಕಿನದು. ಗೀರು ಬಿದ್ದರೆ ಅದರೊಳಗೆ ಕೊಳೆ, ಬೂಸ್ಟು ಕೂರುತ್ತದೆ, ವಸಡು ಕೆಂಪಾಗಿ ಉರಿಯುತ್ತದೆ. ಟೂತ್‌ಪೇಸ್ಟೂ ಒರಟೇ. ಮೆತ್ತನೆಯ ಬ್ರಶ್ಶು, ಕೈತೊಳೆಯುವ ಸಾಬೂನು ಸಾಕು. ಬಿಸಿನೀರು ಬೇಡ, ಆಕಾರ ಕೆಡುತ್ತದೆ. ತೊಳೆಯುವಾಗ ಕೆಳಗೆ ಬಾಲ್ದಿಯಲ್ಲಿ ನೀರಿರಲಿ, ಕಲ್ಲಿನ ಮೇಲೆ ಜಾರಿದರೆ ಎರಡು ತುಂಡು. ಗಾಯ ಮಾಗಿದ ಮೇಲೆ ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಒಣಗಿಸಬೇಡಿ. ವಸಡು, ನಾಲಗೆಯನ್ನೂ ಒದ್ದೆ ಬಟ್ಟೆಯಲ್ಲಿ ಒರಸಬೇಕು. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಕಂಡುಬಂದಿತ್ತು.

ಇಷ್ಟನ್ನೇ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚು ಹಾಕಿ ಸೆಟ್ಟಿನ ಡಬ್ಬಿಯೊಳಗೆ ಇಡುವುದಕ್ಕೆ ಎಷ್ಟು ಖರ್ಚು? ಇಲಾಖೆಯವರು, ಪಂಚಾಯತಿನವರು ಮನಸ್ಸು ಮಾಡಿದರೆ ದೊಡ್ಡ ಸಂಗತಿಯಲ್ಲ. ಬರವಣಿಗೆ ನಾವು ಮಾಡಿಕೊಡುತ್ತೇವೆ, ಊರಿನ ದಂತವೈದ್ಯರೊಬ್ಬರು ತಿದ್ದಿಕೊಟ್ಟರಾಯಿತು. ಅದಾಗುವ ತನಕ ಪ್ರತಿ ಕನ್ನಡ ಶಾಲೆಯ ಪಿಟಿಎ ಸಭೆಯಲ್ಲಿ ಒಂದು ಹತ್ತು ನಿಮಿಷ ಇದಕ್ಕಿರಲಿ. ಸಭೆಗೆ ಅಪ್ಪ ಅಮ್ಮನ ಬದಲು ಬರುವವರು ಹೆಚ್ಚಾಗಿ ಅಜ್ಜಿಯರೇ ತಾನೆ? ಒಡೆದ ಸೆಟ್ಟನ್ನು ಅಂಗಡಿಯ ಗೋಂದಿನಲ್ಲಿ ಅಂಟಿಸಬೇಡಿ, ತುಂಡುಗಳನ್ನು ಎಸೆಯದೆ ವೈದ್ಯರಲ್ಲಿಗೆ ಒಯ್ಯಿರಿ ಎಂಬುದನ್ನೂ ಆಗಲೇ ಹೇಳಿಬಿಡಬೇಕು.